ಪಾದದ ಗಂಟಿಗೆ ಟೇಪ್ ಸುತ್ತಿದರೆ ನಡಿಗೆ ಹೇಗೆ ಬದಲಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲು ಉಳುಕಿದವರು, ವಾಸಿಯಾದ ಮೇಲೂ ಆಗಾಗ ಕಾಲು ಹೊರಳಿಸಿಕೊಳ್ಳುವವರು, ಆಟಕ್ಕೆ ಇಳಿಯುವ ಮುಂಚೆ ಟೇಪ್ ಸುತ್ತಿಸಿಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಟೇಪ್ ಗಟ್ಟಿಯಾಗಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಟೇಪ್ ಹಾಕಿದ ಮೇಲೆ ನಾನು ಹೇಗೆ ನಡೀತಿದ್ದೀನಿ ಅಂತ ಕೇಳುವವರು ಕಡಿಮೆ. ನನಗೆ ಮುಖ್ಯ ಅನ್ನಿಸುವುದು ಈ ಎರಡನೆಯ ಪ್ರಶ್ನೆಯೇ.

ಮೊದಲು ಇದನ್ನು ಹೇಳಿ: ನಡೆಯುವಾಗ ಪಾದದ ಗಂಟು ಏನೇನು ಮಾಡುತ್ತದೆ?

ನಾವು ಪಾದದ ಗಂಟು ಅಂತ ಕರೆಯುವ ಜಾಗದಲ್ಲಿ ಇರುವುದು ಎರಡು ಕೀಲು. ಮೇಲಿನದು ಬಾಗಿಲ ತಿರುಗಣೆಯ ಹಾಗೆ: ಪಾದವನ್ನು ಮೇಲಕ್ಕೆತ್ತುವುದು, ಕೆಳಕ್ಕೆ ಚಾಚುವುದು ಇದರ ಕೆಲಸ. ಅದರ ಕೆಳಗೆ, ಹಿಮ್ಮಡಿಯ ಮೂಳೆಯ ಮೇಲೆ, ಇನ್ನೊಂದು ಕೀಲು ಇದೆ. ಅಂಗಾಲನ್ನು ಒಳಮುಖವಾಗಿಯೋ ಹೊರಮುಖವಾಗಿಯೋ ಹೊರಳಿಸುವುದು ಹೆಚ್ಚಾಗಿ ಇದೇ. ಕಾಲು ಉಳುಕುವುದು ಬಹುತೇಕ ಸಲ ಅಂಗಾಲು ಒಳಕ್ಕೆ ಹೊರಳಿದಾಗ. ಆಗ ಹೊರಬದಿಯ ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ಪಟ್ಟಿಗಳು, ಎಳೆಯುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಮುಂಭಾಗದ ಹೊರ ಲಿಗಮೆಂಟ್.

ಈಗ ಒಂದು ಹೆಜ್ಜೆಯನ್ನು ನಿಧಾನವಾಗಿ ನೋಡೋಣ. ಹಿಮ್ಮಡಿ ನೆಲಕ್ಕೆ ತಾಗುವಾಗ ಪಾದ ಹೆಚ್ಚುಕಡಿಮೆ ಕಾಲಿಗೆ 90 ಡಿಗ್ರಿಯಲ್ಲಿ ಇರುತ್ತದೆ. ತಕ್ಷಣ ಮುಂಗಾಲು ನೆಲಕ್ಕಿಳಿಯುತ್ತದೆ. ಅಲ್ಲಿ ಪಾದ ಐದು-ಹತ್ತು ಡಿಗ್ರಿ ಕೆಳಕ್ಕೆ ಬಾಗುತ್ತದೆ. ಆಮೇಲೆ ಪಾದ ನೆಲದಲ್ಲೇ ಕೂತಿರುತ್ತದೆ, ಮೊಣಕಾಲಿನ ಕೆಳಗಿನ ಕಾಲು ಅದರ ಮೇಲೆ ಮುಂದಕ್ಕೆ ವಾಲುತ್ತಾ ಹೋಗುತ್ತದೆ, ಸುಮಾರು ಹತ್ತು ಡಿಗ್ರಿಯವರೆಗೆ. ಕೊನೆಗೆ ಹಿಮ್ಮಡಿ ಏಳುತ್ತದೆ, ಮೀನಖಂಡ ಬಿಗಿಯುತ್ತದೆ, ಮುಂಗಾಲು ನೆಲವನ್ನು ಒದ್ದು ದೇಹವನ್ನು ಮುಂದಕ್ಕೆ ದೂಡುತ್ತದೆ. ಆ ಹೊತ್ತಿಗೆ ಪಾದ 15ರಿಂದ 20 ಡಿಗ್ರಿ ಕೆಳಕ್ಕೆ ಚಾಚಿರುತ್ತದೆ. ಗಾಳಿಯಲ್ಲಿ ತೂಗುವಾಗ ಪಾದ ಮತ್ತೆ ಮೇಲಕ್ಕೆ ಬರುತ್ತದೆ, ಇಲ್ಲದಿದ್ದರೆ ಬೆರಳು ನೆಲಕ್ಕೆ ಎಡವುತ್ತದೆ. ಒಂದು ಪಾದ ನೆಲ ಮುಟ್ಟಿದಲ್ಲಿಂದ ಅದೇ ಪಾದ ಮತ್ತೆ ನೆಲ ಮುಟ್ಟುವವರೆಗೆ ಒಂದು ಸುತ್ತು; ಅದರ ಸುಮಾರು 60 ಶೇಕಡಾ ಹೊತ್ತು ಪಾದ ನೆಲದಲ್ಲಿರುತ್ತದೆ, ಉಳಿದ 40 ಶೇಕಡಾ ಗಾಳಿಯಲ್ಲಿ.

ಒಟ್ಟು ಲೆಕ್ಕ ಹಾಕಿದರೆ ಸಮತಟ್ಟಾದ ನೆಲದಲ್ಲಿ ನಡೆಯುವುದಕ್ಕೆ 25-30 ಡಿಗ್ರಿ ಸಾಕು. ಆರೋಗ್ಯವಾದ ಗಂಟು ಅದರ ಎರಡರಷ್ಟು ಚಲಿಸಬಲ್ಲದು. ಟೇಪ್ ಸುತ್ತಿಯೂ ಹಾಯಾಗಿ ನಡೆಯಲು ಆಗುವುದು ಈ ಉಳಿಕೆ ಇರುವುದರಿಂದಲೇ.

ಟೇಪ್ ಹಾಕಿದ ಮೇಲೆ ಇದರಲ್ಲಿ ಯಾವುದು ಕಡಿಮೆಯಾಗುತ್ತದೆ?

ಎಲ್ಲಕ್ಕಿಂತ ಹೆಚ್ಚಾಗಿ ಎರಡು. ಒಂದು, ಅಂಗಾಲು ಒಳಕ್ಕೆ ಹೊರಳುವುದು. ಅದಕ್ಕೇ ತಾನೇ ಟೇಪ್ ಹಾಕುವುದು. ಇನ್ನೊಂದು, ಹೆಜ್ಜೆಯ ಕೊನೆಯಲ್ಲಿ ಪಾದ ಕೆಳಕ್ಕೆ ಚಾಚುವುದು. ನಡಿಗೆಯಲ್ಲಿ ಗಂಟು ಅತಿ ಹೆಚ್ಚು ಚಾಚುವ ಕ್ಷಣ ಅದೇ ಆದ್ದರಿಂದ ಟೇಪಿನ ತಡೆ ಅಲ್ಲೇ ಮೊದಲು ಗೊತ್ತಾಗುತ್ತದೆ. ಕಡಿಮೆಯಾಗುವುದು ಕೆಲವೇ ಡಿಗ್ರಿ. ಪಕ್ಕದಲ್ಲಿ ನಡೆಯುವವರಿಗೆ ಕಾಣುವುದಿಲ್ಲ, ಟೇಪ್ ಹಾಕಿಕೊಂಡವರಿಗೆ ಮಾತ್ರ ಮೊದಲ ಕೆಲವು ಹೆಜ್ಜೆಯಲ್ಲಿ "ಕಾಲು ಪೂರ್ತಿ ಬಿಡ್ತಾ ಇಲ್ಲ" ಅನ್ನಿಸುತ್ತದೆ.

ಮೊಣಕಾಲಿನ ಕೆಳಗಿನ ಕಾಲು ಪಾದದ ಮೇಲೆ ಮುಂದಕ್ಕೆ ವಾಲುವುದಕ್ಕೆ ಒಳ್ಳೆಯ ಟೇಪಿಂಗ್ ಅಷ್ಟಾಗಿ ಅಡ್ಡ ಬರಬಾರದು. ಅಡ್ಡ ಬಂದರೆ ತೊಂದರೆ ಮೇಲಕ್ಕೆ ಹೋಗುತ್ತದೆ. ಹೇಗೆ ಅನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

ಟೇಪ್ ಹಾಕಿದ್ದು ಗಂಟಿಗೆ. ಮಂಡಿಗೂ ಸೊಂಟಕ್ಕೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಪಾದ ನೆಲದಲ್ಲಿ ಊರಿರುವಾಗ ಗಂಟು, ಮಂಡಿ, ಸೊಂಟ ಮೂರೂ ಒಂದೇ ಸರಪಳಿ. ಒಂದು ಕಡೆ ಚಲನೆ ಕಡಿಮೆಯಾದರೆ ದೇಹ ನಿಲ್ಲುವುದಿಲ್ಲ, ಇನ್ನೊಂದು ಕಡೆಯಿಂದ ತುಂಬಿಸಿಕೊಳ್ಳುತ್ತದೆ.

ಕಾಲು ಮುಂದಕ್ಕೆ ವಾಲುವುದನ್ನು ಟೇಪ್ ತಡೆದಿದೆ ಅಂದುಕೊಳ್ಳಿ. ದೇಹ ಮುಂದೆ ಹೋಗಲೇಬೇಕು. ಆಗ ಇರುವ ದಾರಿಗಳು ಕೆಲವೇ. ಹಿಮ್ಮಡಿ ಬೇಗ ಎದ್ದುಬಿಡುತ್ತದೆ. ಇಲ್ಲವೇ ಮಂಡಿ ಹಿಂದಕ್ಕೆ ನೆಟ್ಟಗಾಗಿ ಲಾಕ್ ಆದ ಹಾಗೆ ಆಗುತ್ತದೆ. ಅಥವಾ ಪಾದ ಹೊರಕ್ಕೆ ತಿರುಗಿ ಹೆಬ್ಬೆರಳಿನ ಪಕ್ಕದಿಂದ ಉರುಳಿ ದಾಟುತ್ತದೆ. ಇವು ಒಂದು ದಿನ ನಡೆದರೆ ಏನೂ ಆಗುವುದಿಲ್ಲ. ವಾರಗಟ್ಟಲೆ ಹೀಗೇ ನಡೆದರೆ ಮಂಡಿಯ ಹಿಂಭಾಗಕ್ಕೂ ಪಾದದ ನಡುಭಾಗಕ್ಕೂ ಸುಮ್ನೆ ಹೊರೆ ಬೀಳುತ್ತದೆ.

ಕೆಳಕ್ಕೆ ಚಾಚುವುದನ್ನು ಜಾಸ್ತಿ ತಡೆದರೆ ಕಥೆ ಬೇರೆ. ನಡಿಗೆಯಲ್ಲಿ ಮುಂದಕ್ಕೆ ದೂಡುವ ಶಕ್ತಿಯ ದೊಡ್ಡ ಪಾಲು ಮೀನಖಂಡದಿಂದ, ಹಿಮ್ಮಡಿಯ ಹಿಂದಿನ ಅಕಿಲಿಸ್ ನರದ ಮೂಲಕ ಬರುತ್ತದೆ. ನರ ಅಂತ ಮಾತಿಗೆ ಅನ್ನುತ್ತೇವೆ, ನಿಜಕ್ಕೆ ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ದಪ್ಪ ಹುರಿ. ನಿಂತ ಕಾಲಿನ ಮೇಲೆ ದೇಹ ದಾಟುವಾಗ ಅದು ಹಿಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ, ಕೊನೆಯಲ್ಲಿ ಬಿಡುತ್ತದೆ. ಆ ಕೊನೆಯ ಒದೆತ ಮೊಟಕಾದರೆ ಸೊಂಟದ ಮುಂದಿನ ಸ್ನಾಯುಗಳು ತೊಡೆಯನ್ನು ಎಳೆದು ಮುಂದಕ್ಕೆ ಹಾಕಬೇಕಾಗುತ್ತದೆ. ದೂರ ನಡೆದ ಮೇಲೆ ತೊಡೆಸಂದಿನ ಹತ್ತಿರ ಆಯಾಸ ಅನ್ನಿಸಿದರೆ ಇದೂ ಒಂದು ಕಾರಣ ಇರಬಹುದು.

ಇನ್ನೊಂದು ಕೊಂಡಿ ಇದೆ, ಅದನ್ನು ಜನ ಗಮನಿಸುವುದಿಲ್ಲ. ನಿಂತ ಪಾದ ಒಳಬದಿಗೆ ಕುಸಿದಾಗ ಮೊಣಕಾಲಿನ ಕೆಳಗಿನ ಮೂಳೆಯೂ ಒಳಕ್ಕೆ ತಿರುಗುತ್ತದೆ. ಪಾದ ಎದ್ದು ಕಮಾನಾದಾಗ ಅದು ಹೊರಕ್ಕೆ ತಿರುಗುತ್ತದೆ. ಎರಡೂ ಜೊತೆಜೊತೆಗೆ ನಡೆಯುವ ಚಲನೆ. ಹಿಮ್ಮಡಿಯನ್ನು ಟೇಪಿನಿಂದ ಹಿಡಿದಾಗ ಈ ಜೊತೆಯ ಚಲನೆಯೂ ಬದಲಾಗುತ್ತದೆ. ಟೇಪ್ ಪಾದದ ಮೇಲೆ ಮಾತ್ರ ಕೆಲಸ ಮಾಡುತ್ತದೆ ಅನ್ನುವುದು ಅದಕ್ಕೇ ಸರಿಯಲ್ಲ.

ಭಯಪಡಬೇಡಿ. ಸರಿಯಾಗಿ ಸುತ್ತಿದ ಟೇಪಿನಲ್ಲಿ, ಮಾಮೂಲಿ ನಡಿಗೆಯಲ್ಲಿ, ಮಂಡಿ ಮತ್ತು ಸೊಂಟದ ಬದಲಾವಣೆ ಚಿಕ್ಕದೇ. ಓಡುವಾಗ, ಜಿಗಿದು ಇಳಿಯುವಾಗ ಅದು ಹೆಚ್ಚು ಎದ್ದು ಕಾಣುತ್ತದೆ.

ಪದೇ ಪದೇ ಕಾಲು ಹೊರಳುವವರಿಗೆ ಟೇಪ್ ಹೇಗೆ ನೆರವಾಗುತ್ತದೆ?

ಇಲ್ಲೇ ಟೇಪಿನ ನಿಜವಾದ ಬೆಲೆ ಗೊತ್ತಾಗುವುದು. ಹಳೆಯ ಉಳುಕಿನಿಂದ ಗಂಟು ಸಡಿಲಾದವರ ನಡಿಗೆ ನೋಡಿದರೆ ಪಾದ ನೆಲಕ್ಕೆ ಬರುವ ಮುಂಚೆಯೇ ಸ್ವಲ್ಪ ಒಳಕ್ಕೆ ಹೊರಳಿ, ಸ್ವಲ್ಪ ಕೆಳಕ್ಕೆ ಚಾಚಿರುತ್ತದೆ. ಗಾಳಿಯಲ್ಲಿ ತೂಗುವಾಗ ಮುಂಗಾಲಿಗೂ ನೆಲಕ್ಕೂ ಇರುವ ಅಂತರ ಕೇವಲ ಒಂದೆರಡು ಸೆಂಟಿಮೀಟರ್. ಆ ಅಂತರದಲ್ಲಿ ಪಾದದ ಹೊರ ಅಂಚು ಕೆಳಗಿಳಿದಿದ್ದರೆ ಒಂದು ಸಣ್ಣ ಕಲ್ಲು, ಒಂದು ಗುಳಿ ಸಾಕು. ಹೊರ ಅಂಚು ಮೊದಲು ತಾಗುತ್ತದೆ, ದೇಹದ ಭಾರ ಅದರ ಮೇಲೆ ಬೀಳುತ್ತದೆ, ಕಾಲು ಹೊರಳುತ್ತದೆ.

ಟೇಪ್ ಹಾಕಿ ನಡೆಸಿದಾಗ ಇಂಥವರ ಪಾದ ನೆಟ್ಟಗಿನ ಸ್ಥಿತಿಗೆ ಹತ್ತಿರವಾಗಿ ಇಳಿಯುತ್ತದೆ. ಕಡಿಮೆ ಒಳಹೊರಳು, ಕಡಿಮೆ ಚಾಚು. ಕೆಲವೇ ಡಿಗ್ರಿಯ ವ್ಯತ್ಯಾಸ, ಆದರೆ ಅದು ಬರುವ ಕ್ಷಣ ಸರಿಯಾಗಿದೆ: ಪಾದ ನೆಲ ಮುಟ್ಟುವ ಮುಂಚೆ. ಕಾಲು ಹೊರಳಲು ಶುರುವಾದ ಮೇಲೆ ಹೊರಬದಿಯ ಸ್ನಾಯುಗಳು ಎಚ್ಚೆತ್ತು ಬಲ ಕೊಡುವಷ್ಟರಲ್ಲಿ ಸಾಮಾನ್ಯವಾಗಿ ತಡವಾಗಿರುತ್ತದೆ. ಉಳುಕು ಸೆಕೆಂಡಿನ ಸಣ್ಣ ತುಣುಕಿನಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಹೊರಳಿದ ಮೇಲೆ ಹಿಡಿಯುವುದಕ್ಕಿಂತ, ಪಾದ ಸರಿಯಾಗಿ ಇಳಿಯುವಂತೆ ಮಾಡುವುದೇ ದೊಡ್ಡ ಕೆಲಸ ಅಂತ ನಾನು ನಂಬುತ್ತೇನೆ.

ಈವರೆಗೆ ಉಳುಕಿಯೇ ಇಲ್ಲದವರಿಗೆ ಲಾಭ ಇಷ್ಟಿಲ್ಲ. 1973ರಲ್ಲಿ ಗ್ಯಾರಿಕ್ ಮತ್ತು ರೆಕ್ವಾ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ಪ್ರಕಟಿಸಿದ ಅಧ್ಯಯನದಲ್ಲೂ ಟೇಪಿನ ಉಪಯೋಗ ಹೆಚ್ಚು ಕಂಡದ್ದು ಮುಂಚೆ ಉಳುಕಿಸಿಕೊಂಡವರಲ್ಲೇ.

ಸ್ವಲ್ಪ ಹೊತ್ತಿಗೇ ಟೇಪ್ ಸಡಿಲಾಗುತ್ತದಲ್ವಾ? ಆಮೇಲೆ ಏನು ಪ್ರಯೋಜನ?

ಸಡಿಲಾಗುವುದು ನಿಜ. 1962ರಲ್ಲಿ ರ್‍ಯಾರಿಕ್ ಮತ್ತು ಸಂಗಡಿಗರು ಅಳೆದು ತೋರಿಸಿದ್ದರು: ಹತ್ತು ನಿಮಿಷ ಜೋರಾಗಿ ವ್ಯಾಯಾಮ ಮಾಡಿದರೆ ಟೇಪಿನ ಆಸರೆಯಲ್ಲಿ 40 ಶೇಕಡಾದವರೆಗೆ ಕಳೆದುಹೋಗಬಹುದು. ಬೆವರು, ಚರ್ಮ ಜಾರುವುದು, ಟೇಪಿನ ನೂಲು ಹಿಗ್ಗುವುದು ಎಲ್ಲ ಸೇರುತ್ತದೆ. ನಡಿಗೆಯಲ್ಲಿ ಇದು ಇನ್ನೂ ನಿಧಾನವಾಗಿ ಆಗುತ್ತದೆ.

ಆದರೂ ಟೇಪ್ ಪೂರ್ತಿ ದಂಡವಲ್ಲ. ಗಂಟು ಮಾಮೂಲಿ ಮಿತಿಯಲ್ಲಿ ಆಡುವಾಗ ಸಡಿಲಾದ ಟೇಪ್ ಹೆಚ್ಚೇನೂ ತಡೆಯುವುದಿಲ್ಲ, ಕೊನೆಯ ಮಿತಿಗೆ ಹೋದಾಗ ಇನ್ನೂ ಎಳೆಯುತ್ತದೆ. ಜೊತೆಗೆ ಚರ್ಮದ ಮೇಲಿನ ಆ ಎಳೆತ ಗಂಟು ಎಲ್ಲಿದೆ ಅನ್ನುವುದನ್ನು ಮೆದುಳಿಗೆ ನೆನಪಿಸುತ್ತದೆ ಅನ್ನುವ ವಾದವೂ ಇದೆ. ಇದು ಎಷ್ಟರ ಮಟ್ಟಿಗೆ ನಿಜ ಅನ್ನುವುದರಲ್ಲಿ ಸಂಶೋಧಕರಲ್ಲೇ ಒಮ್ಮತ ಇಲ್ಲ. ಟೇಪ್ ಹಾಕಿಕೊಂಡವರಿಗೆ ಧೈರ್ಯ ಬರುತ್ತದೆ ಅನ್ನುವುದು ಮಾತ್ರ ಖಚಿತ. ನಡಿಗೆಯಲ್ಲಿ ಧೈರ್ಯ ಸಣ್ಣ ವಿಷಯ ಅಲ್ಲ. ಹೆದರಿ ನಡೆಯುವವರು ಕಾಲನ್ನು ಸೆಟೆಸಿಕೊಂಡು ಗಿಡ್ಡ ಹೆಜ್ಜೆ ಇಡುತ್ತಾರೆ.

ಬಿಳಿ ಗಟ್ಟಿ ಟೇಪಿಗೂ ಬಣ್ಣದ ಹಿಗ್ಗುವ ಟೇಪಿಗೂ ಏನು ವ್ಯತ್ಯಾಸ?

ಬಿಳಿಯದು ಹಿಗ್ಗುವುದಿಲ್ಲ. ಜಿಂಕ್ ಆಕ್ಸೈಡ್ ಅಂಟಿನ ಹತ್ತಿ ಬಟ್ಟೆ. ಚಲನೆಯನ್ನು ನಿಜವಾಗಿ ತಡೆಯುವುದು ಇದೇ.

ಬಣ್ಣದ್ದು ಕಿನೀಸಿಯೋ ಟೇಪ್. 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ರೂಪಿಸಿದ್ದು. ಚೆನ್ನಾಗಿ ಹಿಗ್ಗುತ್ತದೆ, ಚರ್ಮದ ಜೊತೆಗೇ ಆಡುತ್ತದೆ, ಕೆಲವು ದಿನ ಇರುತ್ತದೆ. ನಡಿಗೆಯ ಕೋನಗಳನ್ನು ಇದು ಅಷ್ಟಾಗಿ ಬದಲಿಸುವುದಿಲ್ಲ. ಕಾಲು ಹೊರಳದಂತೆ ಹಿಡಿಯಬೇಕು ಅನ್ನುವುದಾದರೆ ಇದನ್ನು ನಂಬಿ ಕೂರಬೇಡಿ. ಹಾಯೆನಿಸಿದರೆ ಹಾಕಿಕೊಳ್ಳಿ, ತಪ್ಪಿಲ್ಲ.

ಸುತ್ತುವ ರೀತಿಯಿಂದ ನಡಿಗೆ ಬದಲಾಗುತ್ತದಾ?

ಖಂಡಿತ. ಒಂದೇ ರೋಲ್ ಟೇಪ್ ಇಬ್ಬರ ಕೈಯಲ್ಲಿ ಎರಡು ಬೇರೆ ನಡಿಗೆ ಕೊಡಬಲ್ಲದು.

ಈಗಲೂ ಬಳಕೆಯಲ್ಲಿರುವ ಬುಟ್ಟಿ ಹೆಣಿಗೆಯ ಪದ್ಧತಿಗೆ ಅಮೆರಿಕದ ಮೂಳೆ ವೈದ್ಯ ವರ್ಜಿಲ್ ಗಿಬ್ನಿಯ ಹೆಸರಿದೆ. ಅವರು 1895ರಲ್ಲೇ ಉಳುಕಿದ ಗಂಟಿಗೆ ಪಟ್ಟಿ ಹಾಕಿ, ಊರುಗೋಲಿಲ್ಲದೆ ನಡೆಸುವ ಬಗ್ಗೆ ಬರೆದಿದ್ದರು. ಉಳುಕಿದವರನ್ನು ಮಲಗಿಸುವ ಬದಲು ನಡೆಸಬೇಕು ಅನ್ನುವ ಆ ಯೋಚನೆಗೆ ಇವತ್ತಿಗೂ ಬೆಲೆ ಇದೆ.

ಕ್ರಮ ಹೀಗೆ. ಮೀನಖಂಡದ ಕೆಳಗೆ ಒಂದು, ಪಾದದ ನಡುವೆ ಒಂದು ಆಧಾರ ಪಟ್ಟಿ. ಆಮೇಲೆ ಒಳಬದಿಯಿಂದ ಶುರುಮಾಡಿ, ಹಿಮ್ಮಡಿಯ ಕೆಳಗೆ ಹಾಯಿಸಿ, ಹೊರಬದಿಯಲ್ಲಿ ಮೇಲಕ್ಕೆ ಎಳೆಯುವ ರಿಕಾಬು ಪಟ್ಟಿಗಳು. ಅಂಗಾಲು ಒಳಕ್ಕೆ ಹೊರಳದ ಹಾಗೆ ತಡೆಯುವುದು ಇವೇ. ಎಳೆಯುವ ದಿಕ್ಕು ತಿರುವುಮುರುವಾದರೆ ಯಾವುದನ್ನು ತಡೆಯಬೇಕೋ ಅದಕ್ಕೇ ನೆರವಾದ ಹಾಗೆ ಆಗುತ್ತದೆ. ಅದರ ಮೇಲೆ ಹಿಮ್ಮಡಿಯನ್ನು ಎರಡೂ ಕಡೆಯಿಂದ ಓರೆಯಾಗಿ ಹಿಡಿಯುವ ಸುತ್ತುಗಳು. ಹಿಮ್ಮಡಿಯ ಮೂಳೆ ಓಲಾಡದಂತೆ ನೋಡಿಕೊಳ್ಳುವುದು ಅವು.

ಎಲ್ಲಕ್ಕಿಂತ ಮುಖ್ಯ, ಸುತ್ತುವಾಗ ಪಾದ ಹೇಗಿತ್ತು ಅನ್ನುವುದು. ಪಾದ 90 ಡಿಗ್ರಿಯಲ್ಲಿ ಇರಬೇಕು, ಬೆರಳುಗಳು ಮೇಲಕ್ಕೆ ನೋಡುತ್ತಿರಬೇಕು. ಮೇಜಿನ ಅಂಚಿನಲ್ಲಿ ಕಾಲು ಚಾಚಿ ಕೂತವರು ಮಾತಾಡುತ್ತಾ ಮಾತಾಡುತ್ತಾ ಪಾದವನ್ನು ಕೆಳಕ್ಕೆ ಬಿಟ್ಟುಬಿಡುತ್ತಾರೆ. ಆ ಸ್ಥಿತಿಯಲ್ಲೇ ಟೇಪ್ ಬಿಗಿದರೆ ಇಳಿದು ನಿಂತ ತಕ್ಷಣ ಹಿಂಭಾಗದ ಪಟ್ಟಿ ಅಕಿಲಿಸಿಗೆ ಕೊರೆಯುತ್ತದೆ, ಮುಂಭಾಗದಲ್ಲಿ ಟೇಪ್ ಮಡಿಕೆ ಬಿದ್ದು ಚರ್ಮ ಚಿವುಟುತ್ತದೆ, ಕಾಲು ಮುಂದಕ್ಕೆ ವಾಲಲು ಒಪ್ಪುವುದಿಲ್ಲ. ಮೇಲೆ ಹೇಳಿದ ಬೇಗ ಏಳುವ ಹಿಮ್ಮಡಿ ಶುರುವಾಗುವುದು ಇಲ್ಲಿಂದಲೇ.

ಮುಂಗಾಲಿನ ಸುತ್ತು ತೀರಾ ಬಿಗಿಯಾಗಬಾರದು. ನಿಂತಾಗ ಪಾದ ಅಗಲವಾಗುತ್ತದೆ, ಅದಕ್ಕೆ ಜಾಗ ಬೇಕು.

ಹಾಕಿದ ಟೇಪ್ ಸರಿಯಾಗಿದೆಯಾ ಅಂತ ನಾನೇ ಹೇಗೆ ನೋಡಿಕೊಳ್ಳಲಿ?

ಕೂತು ನೋಡಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಮೊದಲು ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬಿಳಿಚಿಕೊಂಡ ಉಗುರು ಎರಡು ಸೆಕೆಂಡಿನ ಒಳಗೆ ಮತ್ತೆ ಕೆಂಪಾಗಬೇಕು. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೀಲಿಗಟ್ಟಿದರೆ ಟೇಪ್ ಕತ್ತರಿಸಿ ತೆಗೆಯಿರಿ. ಇನ್ನು ಸ್ವಲ್ಪ ನೋಡೋಣ ಅನ್ನಬೇಡಿ.

ಆಮೇಲೆ ನಡೆಯಿರಿ. ಫೋನನ್ನು ನೆಲದಿಂದ ಮಂಡಿ ಎತ್ತರದಲ್ಲಿ ಇಟ್ಟು, ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ವಿಡಿಯೋ ಮಾಡಿ. ನಿಧಾನಗತಿಯಲ್ಲಿ ನೋಡಿ. ಪಕ್ಕದ ವಿಡಿಯೋದಲ್ಲಿ ಹಿಮ್ಮಡಿ ಯಾವಾಗ ಏಳುತ್ತದೆ ಗಮನಿಸಿ: ಇನ್ನೊಂದು ಕಾಲು ಪಕ್ಕದಿಂದ ದಾಟಿ ಮುಂದೆ ಹೋಗುವ ಮುಂಚೆಯೇ ಟೇಪ್ ಹಾಕಿದ ಕಾಲಿನ ಹಿಮ್ಮಡಿ ಎದ್ದರೆ ಟೇಪ್ ಕಾಲನ್ನು ಹಿಡಿದಿದೆ. ಮಂಡಿ ಹಿಂದಕ್ಕೆ ಸೆಟೆಯುತ್ತಿದೆಯಾ ನೋಡಿ. ಹಿಂದಿನ ವಿಡಿಯೋದಲ್ಲಿ ಹಿಮ್ಮಡಿ ನೆಟ್ಟಗೆ ಇಳಿಯುತ್ತದೆಯಾ, ಪಾದ ಇನ್ನೊಂದಕ್ಕಿಂತ ಹೊರಕ್ಕೆ ತಿರುಗಿದೆಯಾ ನೋಡಿ. ಕಿವಿಯನ್ನೂ ಬಳಸಿ. ಎರಡು ಹೆಜ್ಜೆಯ ಸದ್ದು ಬೇರೆ ಬೇರೆಯಾಗಿದ್ದರೆ ಎಲ್ಲೋ ಕುಂಟು ಇದೆ ಅಂತಲೇ ಅರ್ಥ.

ಮೆಟ್ಟಿಲು ಇಳಿದು ನೋಡುವುದನ್ನು ಮರೆಯಬೇಡಿ. ಸಮತಟ್ಟಿಗಿಂತ ಅಲ್ಲಿ ಗಂಟು ಹೆಚ್ಚು ಬಾಗಬೇಕು. ನೆಲದಲ್ಲಿ ಹಾಯಾಗಿದ್ದ ಟೇಪ್ ಮೆಟ್ಟಿಲಲ್ಲಿ ತಕರಾರು ಮಾಡಬಹುದು.

ಹೆಜ್ಜೆ ಗಿಡ್ಡ ಆಗುತ್ತದಾ? ವೇಗ ಕಡಿಮೆಯಾಗುತ್ತದಾ?

ಆರೋಗ್ಯವಂತರಲ್ಲಿ ಗಮನಿಸುವಷ್ಟು ಬದಲಾವಣೆ ಇಲ್ಲ. ಹೊಸದಾಗಿ ಉಳುಕಿದವರಲ್ಲಿ ಟೇಪ್ ಹಾಕಿದ ಮೇಲೆ ಹೆಜ್ಜೆ ಉದ್ದವಾಗುವುದೂ ಉಂಟು, ನೋವು ಕಡಿಮೆಯಾಗಿ ಭಾರ ಹಾಕುವ ಧೈರ್ಯ ಬಂದದ್ದಕ್ಕೆ.

ಟೇಪ್ ಬದಲು ಬ್ರೇಸ್ ಹಾಕಬಹುದಾ?

ಹಾಕಬಹುದು. ಉಳುಕು ಮರುಕಳಿಸದಂತೆ ತಡೆಯುವುದರಲ್ಲಿ ಲೇಸ್ ಕಟ್ಟುವ ಬ್ರೇಸ್, ಅಂದರೆ ಗಂಟಿಗೆ ತೊಡುವ ಸಿದ್ಧ ಕವಚ, ಟೇಪಿಗೆ ಕಡಿಮೆ ಏನಲ್ಲ. ಸಡಿಲಾದರೆ ನೀವೇ ಬಿಗಿ ಮಾಡಿಕೊಳ್ಳಬಹುದು, ಮತ್ತೆ ಮತ್ತೆ ಬಳಸಬಹುದು, ಸುತ್ತಲು ಇನ್ನೊಬ್ಬರು ಬೇಕಿಲ್ಲ. ಟೇಪ್ ನಿಮ್ಮ ಪಾದದ ಆಕಾರಕ್ಕೆ ಸರಿಯಾಗಿ ಕೂರುತ್ತದೆ, ಶೂ ಒಳಗೆ ಜಾಗ ತಿನ್ನುವುದಿಲ್ಲ, ಎಲ್ಲಿ ತಡೆ ಬೇಕೋ ಅಲ್ಲಿ ಮಾತ್ರ ಕೊಡಬಹುದು. ದಿನನಿತ್ಯದ ಓಡಾಟಕ್ಕೆ ನಾನು ಬ್ರೇಸ್ ಅನ್ನುತ್ತೇನೆ, ಚಲನೆಯನ್ನು ಕರಾರುವಾಕ್ಕಾಗಿ ತಿದ್ದಬೇಕಾದಾಗ ಟೇಪ್.

ಟೇಪಿಗೆ ಒಗ್ಗಿಹೋಗಿ ಕಾಲು ಸೊರಗುತ್ತದಾ?

ಟೇಪ್ ಹಾಕಿದ ಮಾತ್ರಕ್ಕೆ ಸ್ನಾಯು ಸೊರಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ನಡೆಯುತ್ತಲೇ ಇರುತ್ತೀರಲ್ಲ, ಸ್ನಾಯು ಕೆಲಸ ಮಾಡುತ್ತಲೇ ಇರುತ್ತದೆ. ಸೊರಗಿಸುವುದು ವ್ಯಾಯಾಮ ಬಿಡುವ ಅಭ್ಯಾಸ. ಟೇಪ್ ಇದೆ ಅಂತ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ, ಹಿಮ್ಮಡಿ ಎತ್ತುವುದು, ಪಾದವನ್ನು ರಬ್ಬರ್ ಪಟ್ಟಿಯ ವಿರುದ್ಧ ಹೊರಕ್ಕೆ ತಳ್ಳುವುದು ಇವನ್ನು ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಮತೋಲನದ ವ್ಯಾಯಾಮ ಮರು ಉಳುಕನ್ನು ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಟೇಪ್ ತೆಗೆದ ದಿನವೂ ಕಾಲು ಸರಿಯಾಗಿ ಇಳಿಯಬೇಕಾದರೆ ಆ ಕೆಲಸ ಕಲಿಯಬೇಕಾದದ್ದು ಕಾಲೇ.

ಯಾರು ಟೇಪ್ ಹಾಕಬಾರದು? ಯಾವಾಗ ಮೊದಲು ಡಾಕ್ಟರ ಹತ್ತಿರ ಹೋಗಬೇಕು?

ಗಾಯ, ಬೊಕ್ಕೆ, ಅಂಟಿನ ಅಲರ್ಜಿ ಇದ್ದರೆ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು, ಕಾಲಿನ ರಕ್ತಸಂಚಾರ ಸರಿಯಿಲ್ಲದವರು ವೈದ್ಯರನ್ನು ಕೇಳದೆ ಗಟ್ಟಿ ಟೇಪ್ ಸುತ್ತಿಸಿಕೊಳ್ಳಲೇಬಾರದು. ಕೊರೆಯುತ್ತಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ.

ಹೊಸ ಪೆಟ್ಟಾದರೆ ಟೇಪ್ ಹುಡುಕುವ ಮೊದಲು ಮೂಳೆ ಮುರಿದಿಲ್ಲ ಅನ್ನುವುದು ಖಚಿತವಾಗಲಿ. ಕೆನಡಾದಲ್ಲಿ 1992ರಲ್ಲಿ ರೂಪಿಸಿದ ಒಟ್ಟಾವ ನಿಯಮಗಳನ್ನು ವೈದ್ಯರು ಇದಕ್ಕೇ ಬಳಸುತ್ತಾರೆ. ಗಂಟಿನ ಒಳ ಅಥವಾ ಹೊರ ಮೂಳೆಯ ತುದಿಯನ್ನೋ ಹಿಂಬದಿಯ ಅಂಚಿನ ಕೆಳಗಿನ 6 ಸೆಂಟಿಮೀಟರನ್ನೋ ಒತ್ತಿದರೆ ನೋವಾಗುತ್ತದಾ? ಕಿರುಬೆರಳಿನ ಬದಿಯ ಉದ್ದ ಮೂಳೆಯ ಬುಡದಲ್ಲಿ, ಪಾದದ ಕಮಾನಿನ ಮೇಲಿನ ಒಳಬದಿಯ ಮೂಳೆಯಲ್ಲಿ ಒತ್ತಿದರೆ ನೋವಿದೆಯಾ? ಪೆಟ್ಟಾದ ತಕ್ಷಣವೂ ಈಗಲೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಎಕ್ಸ್-ರೇ ಬೇಕು.

ತೆಗೆಯುವಾಗ ಚರ್ಮ ಕಿತ್ತು ಬರುತ್ತದೆ. ಏನು ಮಾಡಲಿ?

ಎಳೆದು ಕೀಳಬೇಡಿ. ಮೂತಿ ಮೊಂಡಾದ ಟೇಪ್ ಕತ್ತರಿಯನ್ನು ಪೆಟ್ಟಾಗದ ಬದಿಯಲ್ಲಿ ಒಳಗೆ ತೂರಿಸಿ. ಗಂಟಿನ ಮೂಳೆಯ ಮೇಲೆ ಹೋಗದೆ ಅದರ ಹಿಂದಿನ ತಗ್ಗಿನಲ್ಲಿ ಸಾಗುತ್ತಾ ಕತ್ತರಿಸಿ. ಆಮೇಲೆ ಟೇಪನ್ನು ಮೇಲಕ್ಕೆ ಎತ್ತದೆ ಚರ್ಮಕ್ಕೆ ಒರಗಿಸಿಯೇ ಹಿಂದಕ್ಕೆ ಮಡಚುತ್ತಾ, ಇನ್ನೊಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲಿ ಬಿಡಿಸಿ. ಅಂಟು ಬಿಡದಿದ್ದರೆ ಸ್ವಲ್ಪ ಎಣ್ಣೆ ಹಚ್ಚಿ ಕಾಯಿರಿ. ಚರ್ಮ ಕೆಂಪಾಗಿದ್ದರೆ ಅದು ತಣಿಯುವವರೆಗೆ ಮತ್ತೆ ಟೇಪ್ ಬೇಡ. ಹಿಮ್ಮಡಿಯ ಹಿಂದೆ ಮತ್ತು ಶೂ ಲೇಸ್ ಕಟ್ಟುವ ಜಾಗದಲ್ಲಿ ಬೊಕ್ಕೆ ಎದ್ದಿದ್ದರೆ ಮುಂದಿನ ಸಲ ಅಲ್ಲಿ ತೆಳುವಾದ ಪ್ಯಾಡ್ ಇಟ್ಟು, ಸ್ವಲ್ಪ ವ್ಯಾಸಲೀನ್ ಸವರಿ, ಆಮೇಲೆ ಸುತ್ತಿಸಿಕೊಳ್ಳಿ.